ಕಂಪ್ಯೂಟರ್ ಕಾದು ಆಫ್ ಆಗ್ತಿದೆಯಾ? ಹೊಸ ಫ್ಯಾನ್ ಕೊಳ್ಳುವ ಮುಂಚೆ ಹೀಗೆ ನೋಡಿ

ಏಪ್ರಿಲ್ ಬಂತೆಂದರೆ ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್‌ಗಳ ದೂರು ಶುರುವಾಗುತ್ತದೆ. ಗೇಮ್ ಹತ್ತು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ತಡವರಿಸುತ್ತದೆ. ಫ್ಯಾನುಗಳು ಕಿರುಚಿಕೊಳ್ಳುತ್ತವೆ. ಕೆಲವರದ್ದು ಪಟ್ಟಂತ ಆಫ್ ಆಗಿಬಿಡುತ್ತದೆ. ಯಾರನ್ನು ಕೇಳಿದರೂ ಎರಡೇ ಉತ್ತರ. "ಇನ್ನೆರಡು ಫ್ಯಾನ್ ಹಾಕಿಸಿ." ಇಲ್ಲಾಂದ್ರೆ, "ಒಳಗೆ ಕೇಬಲ್ ನೀಟಾಗಿ ಕಟ್ಟಿ, ಗಾಳಿ ಆಡಬೇಕು."

ಎರಡೂ ಪೂರ್ತಿ ತಪ್ಪೇನಲ್ಲ. ಆದರೆ ಬಿಸಿ ಎಲ್ಲಿ ಸಿಕ್ಕಿಕೊಂಡಿದೆ ಅಂತ ಗೊತ್ತಿಲ್ಲದೆ ಮಾಡಿದರೆ ದುಡ್ಡು ದಂಡ. ಪ್ರೊಸೆಸರ್‌ನಲ್ಲಿ ಹುಟ್ಟಿದ ಬಿಸಿ ಥರ್ಮಲ್ ಪೇಸ್ಟ್ (ನಡುವೆ ಸವರುವ, ಬಿಸಿ ದಾಟಿಸುವ ಅಂಟು) ದಾಟಿ ಕೂಲರಿಗೆ, ಅಂದರೆ ಪ್ರೊಸೆಸರ್ ಮೇಲೆ ಕೂರುವ ಲೋಹ ಮತ್ತು ಫ್ಯಾನಿನ ಜೋಡಿಗೆ, ಬರಬೇಕು. ಕೂಲರಿನಿಂದ ಕ್ಯಾಬಿನೆಟ್ಟಿನ ಒಳಗಿನ ಗಾಳಿಗೆ ಸೇರಬೇಕು. ಆ ಗಾಳಿ ಕ್ಯಾಬಿನೆಟ್ ಬಿಟ್ಟು ಕೋಣೆಗೆ ಹೋಗಬೇಕು. ದಾರಿಯಲ್ಲಿ ಸಿಗುವುದು ಈ ಮೂರೇ ಗೇಟು. ಮೊದಲನೇ ಗೇಟು ಮುಚ್ಚಿದ್ದರೆ ಮೂರನೆಯದರಲ್ಲಿ ಆರು ಫ್ಯಾನ್ ಕೂರಿಸಿದರೂ ಉಪಯೋಗವಿಲ್ಲ. ಯಾವ ಗೇಟು ಮುಚ್ಚಿದೆ ಅಂತ ಪತ್ತೆ ಮಾಡುವುದು ಕಷ್ಟವೇನಲ್ಲ. ಒಂದು ಸ್ಕ್ರೂಡ್ರೈವರ್, ಎರಡು ಪುಕ್ಕಟೆ ಸಾಫ್ಟ್‌ವೇರ್, ಒಂದು ಗಂಟೆ ಬಿಡುವು ಸಾಕು.

ಮೊದಲು ಇದು ಬಿಸಿಯ ತೊಂದರೆಯೇ ನೋಡಿ

ಆಫ್ ಆದದ್ದೆಲ್ಲ ಬಿಸಿಯಿಂದಲ್ಲ. ಈಗಿನ ಪ್ರೊಸೆಸರ್‌ಗಳು ಕಾದಾಗ ಮೊದಲು ತಮ್ಮ ವೇಗವನ್ನು ತಾವೇ ಇಳಿಸಿಕೊಳ್ಳುತ್ತವೆ. ಅದೂ ಸಾಲದೇ ಹೋದರೆ ಮಾತ್ರ ಕೊನೆಗೆ ಮಷೀನನ್ನೇ ಬಂದ್ ಮಾಡುತ್ತವೆ. ಅಂದರೆ ಬಿಸಿಯಾದ ಮಷೀನು ಮೊದಲು ನಿಧಾನವಾಗಬೇಕು, ಆಮೇಲೆ ಆಫ್ ಆಗಬೇಕು. ಚೂರೂ ತಡವರಿಸದೆ, ಒಳ್ಳೆ ವೇಗದಲ್ಲಿ ಓಡುತ್ತಿದ್ದಾಗಲೇ ದಿಢೀರನೆ ಕತ್ತಲಾದರೆ ಮೊದಲ ಅನುಮಾನ ಕರೆಂಟಿನ ಕಡೆಗೆ ಹೋಗಲಿ.

ಆಫ್ ಆದಮೇಲೆ ಪವರ್ ಬಟನ್ ಒತ್ತಿ. ಏನೂ ಆಗಲಿಲ್ಲವಾ? ಎಸ್‌ಎಂಪಿಎಸ್ (ಮಷೀನಿಗೆ ಕರೆಂಟು ಕೊಡುವ ಡಬ್ಬಿ) ಹಿಂದಿರುವ ಸ್ವಿಚ್ಚನ್ನು ಆಫ್ ಮಾಡಿ, ಸ್ವಲ್ಪ ಬಿಟ್ಟು ಆನ್ ಮಾಡಿ, ಮತ್ತೆ ಒತ್ತಿ. ಈಗ ಎದ್ದರೆ, ಎಸ್‌ಎಂಪಿಎಸ್ ತನ್ನ ರಕ್ಷಣೆಗೆ ತಾನೇ ಟ್ರಿಪ್ ಆಗಿತ್ತು ಎಂದು ಎಷ್ಟೋ ಸಲ ಅರ್ಥ. ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು ಕ್ಷಣ ಮಾತ್ರ ತಮ್ಮ ಹೆಸರಿನ ವ್ಯಾಟ್‌ಗಿಂತ ಬಹಳ ಜಾಸ್ತಿ ಎಳೆಯುತ್ತವೆ. ಹಳೇ ಅಥವಾ ಅಗ್ಗದ ಎಸ್‌ಎಂಪಿಎಸ್‌ಗೆ ಅದು ತಡೆಯುವುದಿಲ್ಲ.

ನಮ್ಮ ಕಡೆ ಇನ್ನೂ ಎರಡು ಕಾರಣ ಸಾಮಾನ್ಯ. ಒಂದು, ಪುಟ್ಟ ಯುಪಿಎಸ್. 600 ವಿಎ ಅಂತ ಬರೆದಿದ್ದರೂ ಸಾಮಾನ್ಯವಾಗಿ ಅದು ಕೊಡುವುದು 360 ವ್ಯಾಟ್ ಸುತ್ತಮುತ್ತ. ಗೇಮ್ ಆಡುವಾಗ ಮಷೀನು ಮತ್ತು ಮಾನಿಟರ್ ಸೇರಿ ಅದನ್ನು ದಾಟಿದರೆ, ಕರೆಂಟು ಕಣ್ಣು ಮಿಟುಕಿಸಿದ ಕೂಡಲೇ ಯುಪಿಎಸ್ ಕೈ ಎತ್ತುತ್ತದೆ. ಇನ್ನೊಂದು, ಮನೆಯ ಇನ್ವರ್ಟರ್. ಹಲವು ಇನ್ವರ್ಟರ್‌ಗಳ ಹಿಂದೆ ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ ಸ್ವಿಚ್ ಇರುತ್ತದೆ. ನಾರ್ಮಲ್‌ನಲ್ಲಿಟ್ಟರೆ ಬ್ಯಾಟರಿಗೆ ಬದಲಾಗಲು ತೆಗೆದುಕೊಳ್ಳುವ ಸಮಯ ಜಾಸ್ತಿ. ಟ್ಯೂಬ್‌ಲೈಟಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ.

ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು "ಕರ್ನೆಲ್-ಪವರ್ 41" ನೋಡಿ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ತೀರ್ಮಾನಿಸುವವರು ತುಂಬಾ ಜನ. ಆ ಸಾಲು ಹೇಳುವುದು ಇಷ್ಟೇ: ಸರಿಯಾಗಿ ಶಟ್‌ಡೌನ್ ಆಗದೆ ಮಷೀನು ನಿಂತಿತ್ತು. ಕಾರಣ ಹೇಳುವುದಿಲ್ಲ. ನೀವೇ ಪ್ಲಗ್ ಕಿತ್ತರೂ ಅದೇ ಬರುತ್ತದೆ.

ಅಳತೆ ತೆಗೆಯುವುದು

ಎಚ್‌ಡಬ್ಲ್ಯೂಇನ್ಫೋ ಹಾಕಿಕೊಳ್ಳಿ. ಪುಕ್ಕಟೆ ಸಿಗುತ್ತದೆ. ತೆರೆಯುವಾಗ "ಸೆನ್ಸರ್ಸ್ ಓನ್ಲಿ" ಆರಿಸಿ. ಲಿನಕ್ಸ್‌ನವರಿಗೆ ಎಲ್‌ಎಂ-ಸೆನ್ಸರ್ಸ್ ಇದೆ. ಪರದೆ ತುಂಬ ಸಂಖ್ಯೆಗಳು ಬರುತ್ತವೆ, ಗಾಬರಿ ಬೇಡ. ನೋಡಬೇಕಾದ್ದು ಐದು: ಪ್ರೊಸೆಸರ್‌ನ ಬಿಸಿ (ಇಂಟೆಲ್‌ನಲ್ಲಿ ಸಿಪಿಯು ಪ್ಯಾಕೇಜ್, ಎಎಂಡಿಯಲ್ಲಿ ಟಿಸಿಟಿಎಲ್), ಅದರ ವೇಗ, ಅದು ಎಳೆಯುತ್ತಿರುವ ವ್ಯಾಟ್, ಫ್ಯಾನಿನ ಆರ್‌ಪಿಎಂ, ಮತ್ತು ಇಂಟೆಲ್ ಆದರೆ ಥರ್ಮಲ್ ಥ್ರಾಟ್ಲಿಂಗ್ (ಬಿಸಿಗೆ ವೇಗ ಇಳಿಸಿಕೊಳ್ಳುವುದು) ಮುಂದೆ "ಯೆಸ್" ಬಂತೋ "ನೋ" ಬಂತೋ. ಬೋರ್ಡಿನ ಪಟ್ಟಿಯಲ್ಲಿ ಆಕ್ಸ್‌ಟಿನ್ ಅಂತ ಏನೋ ಒಂದು 127 ಡಿಗ್ರಿ ತೋರಿಸುತ್ತಿದ್ದರೆ ಹೆದರಬೇಡಿ. ಸೆನ್ಸರೇ ಜೋಡಿಸಿಲ್ಲದ ಪಿನ್ನಿಗೆ ಬರುವ ಸುಳ್ಳು ಓದು ಅದು.

ಎಷ್ಟು ಬಿಸಿಯಾದರೆ ಜಾಸ್ತಿ? ಚಿಪ್ಪಿನ ಮೇಲೆ ಹೋಗುತ್ತದೆ. ಇಂಟೆಲ್ ಐ5-12400ಗೆ ಮಿತಿ 100 ಡಿಗ್ರಿ. ಎಎಂಡಿಯ ರೈಜನ್ 5 5600ಗೆ 90. ರೈಜನ್ 7000 ಸಾಲಿನ 7700ಎಕ್ಸ್‌ನಂಥವು ಪೂರ್ತಿ ಕೆಲಸದಲ್ಲಿ 95ಕ್ಕೆ ಹೋಗಿ ಅಲ್ಲೇ ನಿಲ್ಲುವಂತೆಯೇ ಎಎಂಡಿ ಮಾಡಿದೆ. ಆ ಚಿಪ್ಪಿನಲ್ಲಿ 95 ಕಂಡು ಕೂಲರ್ ಬದಲಿಸಲು ಓಡಬೇಕಾಗಿಲ್ಲ.

ಇನ್ನೊಂದು ಸಂಖ್ಯೆ ಎಲ್ಲರೂ ಮರೆಯುತ್ತಾರೆ: ಕೋಣೆಯ ಬಿಸಿ. ಗಾಳಿಯಿಂದ ತಣಿಸುವ ಯಾವ ಕೂಲರೂ ಚಿಪ್ಪನ್ನು ಕೋಣೆಗಿಂತ ತಣ್ಣಗೆ ಮಾಡಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಚಿಪ್ಪೂ ಸುಮಾರು ಅಷ್ಟೇ ಏರುತ್ತದೆ. ಜನವರಿಯ ಬೆಂಗಳೂರಿನಲ್ಲಿ 72 ತೋರಿಸುತ್ತಿದ್ದ ಮಷೀನನ್ನು ಮೇ ತಿಂಗಳಲ್ಲಿ ರಾಯಚೂರಿಗೆ ಒಯ್ದರೆ, ಹೊರಗೆ 40 ದಾಟಿರುವ ಮಧ್ಯಾಹ್ನ ಅದು 85 ಮುಟ್ಟಿದರೆ ಕೆಟ್ಟಿದೆ ಅಂತಲ್ಲ. ಹಾಗಾಗಿ ಚಿಪ್ಪಿನ ಬಿಸಿಯಿಂದ ಕೋಣೆಯ ಬಿಸಿ ಕಳೆದು ಆ ವ್ಯತ್ಯಾಸವನ್ನು ಬರೆದಿಡಿ. ಹೋಲಿಸುವುದಾದರೆ ಅದನ್ನೇ ಹೋಲಿಸಿ.

ಈಗ ಸಿನೆಬೆಂಚ್ (ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಪರೀಕ್ಷೆಯ ಸಾಫ್ಟ್‌ವೇರ್) ಹತ್ತು ನಿಮಿಷ ಓಡಿಸಿ. ಎಷ್ಟು ಏರಿತು ಅನ್ನುವುದಕ್ಕಿಂತ ಹೇಗೆ ಏರಿತು ಅನ್ನುವುದು ಮುಖ್ಯ. ಶುರು ಮಾಡಿದ ಎರಡು ಮೂರು ಸೆಕೆಂಡಿನಲ್ಲೇ ಮಿತಿಗೆ ಹಾರಿ, ನಿಲ್ಲಿಸಿದ ಕೂಡಲೇ ಧೊಪ್ಪನೆ ಇಳಿದರೆ, ಚಿಪ್ಪಿಗೂ ಕೂಲರಿಗೂ ನಡುವಿನ ಗೇಟು ಮುಚ್ಚಿದೆ. ಬಿಸಿ ಕೂಲರಿಗೇ ದಾಟುತ್ತಿಲ್ಲ. ಅದೇ ನಿಮಿಷ ನಿಮಿಷಕ್ಕೂ ಒಂದೊಂದು ಡಿಗ್ರಿ ಏರುತ್ತಾ ಕೊನೆಗೆ ಮಿತಿ ಮುಟ್ಟಿದರೆ, ಕೂಲರ್ ತನ್ನ ಕೆಲಸ ಮಾಡುತ್ತಿದೆ, ಒಳಗಿನ ಗಾಳಿಯೇ ಕಾಯುತ್ತಿದೆ. ಒಂದು ಎಚ್ಚರಿಕೆ: ರೈಜನ್ 7000 ಚಿಪ್ಪುಗಳು ಎಷ್ಟು ಒಳ್ಳೆ ಕೂಲರ್ ಇದ್ದರೂ ಬೇಗ ಹಾರುತ್ತವೆ. ಅವಕ್ಕೆ ಮುಂದಿನ ಪರೀಕ್ಷೆಯೇ ಗತಿ, ಅಲ್ಲೂ ಬಿಸಿ 95ರಲ್ಲೇ ನಿಂತಿದ್ದರೆ ವೇಗ ಏರಿತಾ ಅಂತ ನೋಡಿ.

ಪಕ್ಕದ ಬಾಗಿಲು ತೆಗೆದು ನೋಡಿ

ನನ್ನ ಲೆಕ್ಕದಲ್ಲಿ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರಿಲ್ಲ, ಖರ್ಚೂ ಇಲ್ಲ. ಕ್ಯಾಬಿನೆಟ್ಟಿನ ಪಕ್ಕದ ಗಾಜು ಅಥವಾ ತಗಡು ತೆಗೆಯಿರಿ. ಅದೇ ಪರೀಕ್ಷೆ, ಅಷ್ಟೇ ಹೊತ್ತು ಓಡಿಸಿ.

ಎಂಟು ಹತ್ತು ಡಿಗ್ರಿ ಇಳಿಯಿತಾ? ಕ್ಯಾಬಿನೆಟ್ಟಿಗೆ ಉಸಿರು ಸಾಲುತ್ತಿಲ್ಲ. ಎರಡು ಮೂರು ಡಿಗ್ರಿಯಷ್ಟೇ ಇಳಿಯಿತಾ? ಹಾಗಾದರೆ ಗಾಳಿಯ ತಪ್ಪಲ್ಲ, ಹೊಸ ಫ್ಯಾನ್ ಬೇಡವೇ ಬೇಡ. ಕೂಲರ್ ಬಿಚ್ಚಿ. ಮಧ್ಯದಲ್ಲೆಲ್ಲೋ ನಿಂತರೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಇದೆ. ಕೂಲರಿನಿಂದಲೇ ಶುರು ಮಾಡಿ.

ಖಾಲಿ ಜಾಗ ಇದೆ ಅಂತ ಫ್ಯಾನ್ ತುಂಬುವವರು ಈ ಒಂದು ಪರೀಕ್ಷೆ ಮಾಡಿದರೆ ಅರ್ಧ ಜನ ಅಂಗಡಿಗೆ ಹೋಗುವುದೇ ಇಲ್ಲ ಅಂತ ನನ್ನ ಅನಿಸಿಕೆ.

ಕೂಲರ್ ಸರಿಯಾಗಿ ಕೂತಿದೆಯಾ?

ಕಲಬುರಗಿಯ ಪರಿಚಯದವರೊಬ್ಬರ ಮಷೀನಿನ ಕತೆ ಹೇಳುತ್ತೇನೆ. ಐ5-12400, ಡಬ್ಬಿಯ ಜೊತೆ ಬಂದ ಕೂಲರ್. ಕೋಣೆ 34 ಡಿಗ್ರಿ. ಸುಮ್ನೆ ಬ್ರೌಸರ್ ತೆರೆದಿಟ್ಟರೂ 60ರ ಹತ್ತಿರ. ಸಿನೆಬೆಂಚ್ ಒತ್ತಿದ ಕೂಡಲೇ 100, ಥ್ರಾಟ್ಲಿಂಗ್ "ಯೆಸ್", ವೇಗ ನೆಲಕ್ಕೆ. ಅದಾಗಲೇ ಮೂರು ಬಣ್ಣದ ಫ್ಯಾನ್ ಹೊಸದಾಗಿ ಹಾಕಿಸಿದ್ದರು. ಪಕ್ಕದ ಗಾಜು ತೆಗೆದರೂ 100 ಅಲ್ಲಾಡಲಿಲ್ಲ. ಆಗಲೇ ಗೊತ್ತಾಯಿತು, ಮೊದಲನೇ ಗೇಟು.

ಇಂಟೆಲ್‌ನ ಆ ಕೂಲರಿಗೆ ನಾಲ್ಕು ಮೂಲೆಯಲ್ಲಿ ಪ್ಲಾಸ್ಟಿಕ್ ಪುಶ್‌ಪಿನ್. ಪ್ರತಿ ಪಿನ್ನಿನಲ್ಲೂ ಬಿಳಿ ಭಾಗ ಬೋರ್ಡಿನ ತೂತಿನಿಂದ ಆಚೆ ಬರಬೇಕು. ಅದರ ನಡುವೆ ಕಪ್ಪು ಕಡ್ಡಿ ಇಳಿದು ಬಿಳಿಯ ಕಾಲುಗಳನ್ನು ಅಗಲಿಸಬೇಕು. ಮೇಲಿನಿಂದ ನೋಡಿದರೆ ನಾಲ್ಕೂ ಕೂತ ಹಾಗೇ ಕಾಣುತ್ತವೆ. ನಿಜ ಗೊತ್ತಾಗುವುದು ಬೋರ್ಡಿನ ಹಿಂದಿನಿಂದ. ಕ್ಯಾಬಿನೆಟ್ಟಿನ ಹಿಂಬದಿಯ ತಗಡು ತೆಗೆದರೆ ಪ್ರೊಸೆಸರ್ ಹಿಂದೆ ಒಂದು ದೊಡ್ಡ ಕಿಟಕಿ ಕೊರೆದಿರುತ್ತಾರೆ. ಮೊಬೈಲ್ ಟಾರ್ಚ್ ಹಾಕಿ ನೋಡಿದೆವು. ಮೂರು ಪಿನ್ನುಗಳ ತುದಿ ಅಗಲವಾಗಿ ಹೊರಬಂದಿದ್ದವು. ನಾಲ್ಕನೆಯದರ ಬಿಳಿ ಕಾಲು ತೂತಿನ ಅಂಚಿಗೆ ಸಿಕ್ಕಿ ಮಡಚಿಕೊಂಡಿತ್ತು. ಕಪ್ಪು ಕಡ್ಡಿ ಕಾಣುತ್ತಲೇ ಇರಲಿಲ್ಲ. ಕೂಲರ್ ಒಂದು ಮೂಲೆಯಲ್ಲಿ ಕೂದಲೆಳೆಯಷ್ಟು ಎದ್ದಿತ್ತು. ಅಷ್ಟೇ ಸಾಕು. ಬಿಚ್ಚಿದಾಗ ಪೇಸ್ಟು ಒಂದು ಕಡೆ ತೆಳ್ಳಗೆ ಹರಡಿತ್ತು, ಎದ್ದ ಮೂಲೆಯ ಕಡೆ ದಪ್ಪಗೆ ಹಾಗೇ ಉಳಿದಿತ್ತು.

ಸರಿಪಡಿಸುವುದು ಹೀಗೆ. ಪ್ಲಗ್ ಕಿತ್ತಿಡಿ. ನಾಲ್ಕೂ ಪಿನ್ನಿನ ತಲೆಯನ್ನು ಬಾಣದ ದಿಕ್ಕಿಗೆ ತಿರುಗಿಸಿ ಮೇಲೆಳೆಯಿರಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಟಿಶ್ಯೂವಿನಿಂದ ಎರಡೂ ಕಡೆ ಒರೆಸಿ. ಬಟಾಣಿ ಕಾಳಿನಷ್ಟು ಹೊಸ ಪೇಸ್ಟನ್ನು ನಡುವೆ ಇಡಿ. ಇಂಟೆಲ್ 12ನೇ ತಲೆಮಾರಿನಿಂದ ಚಿಪ್ಪು ಉದ್ದಕ್ಕಿದೆ, ಹಾಗಾಗಿ ಒಂದು ಸಣ್ಣ ಗೆರೆ ಎಳೆದರೂ ಒಳ್ಳೆಯದೇ. ಹಾಕುವ ಮುಂಚೆ ನಾಲ್ಕೂ ತಲೆಗಳನ್ನು ಬಾಣಕ್ಕೆ ಎದುರು ದಿಕ್ಕಿಗೆ ತಿರುಗಿಸಿಡಿ, ಇದನ್ನು ಮರೆತರೆ ಪಿನ್ ಹಿಡಿಯುವುದಿಲ್ಲ. ನಾಲ್ಕೂ ತೂತಿಗೆ ಸರಿಯಾಗಿ ಕೂರಿಸಿ, ಎದುರುಬದುರಿನ ಎರಡು ಮೂಲೆಗಳನ್ನು ಒಟ್ಟಿಗೆ ಒತ್ತಿ. "ಟಕ್" ಅನ್ನಬೇಕು. ಆಮೇಲೆ ಉಳಿದೆರಡು. ಮತ್ತೆ ಹಿಂದಿನಿಂದ ನೋಡಿ. ಕಲಬುರಗಿಯ ಮಷೀನು ಅದೇ ಕೋಣೆಯಲ್ಲಿ, ಅದೇ ಪರೀಕ್ಷೆಯಲ್ಲಿ 84ಕ್ಕೆ ಬಂದು ನಿಂತಿತು. ಬಣ್ಣದ ಫ್ಯಾನುಗಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಎಎಂಡಿಯ ಎಎಂ4 ಸಾಕೆಟ್ಟಿನವರು ಬಿಚ್ಚುವಾಗ ಹುಷಾರು. ಒಣಗಿದ ಪೇಸ್ಟು ಅಂಟಿಕೊಂಡು ಕೂಲರಿನ ಜೊತೆ ಪ್ರೊಸೆಸರೂ ಕಿತ್ತುಬರುತ್ತದೆ, ಕೆಳಗಿನ ಪಿನ್ನುಗಳು ಬಾಗುತ್ತವೆ. ಬಿಚ್ಚುವ ಮುಂಚೆ ಐದು ಹತ್ತು ನಿಮಿಷ ಏನಾದರೂ ಭಾರದ ಕೆಲಸ ಕೊಟ್ಟು ಬಿಸಿ ಮಾಡಿ, ಶಟ್‌ಡೌನ್ ಮಾಡಿ, ಕೂಲರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ತಿರುಚಿ ಬಿಡಿಸಿಕೊಂಡು ಆಮೇಲೆ ಎತ್ತಿ. ನೇರ ಮೇಲೆ ಎಳೆಯಬೇಡಿ.

ಹೊಸ ಮಷೀನಿನಲ್ಲಿ ಮೊದಲ ದಿನದಿಂದಲೇ ಕಾಯುತ್ತಿದ್ದರೆ ಕೂಲರಿನ ತಳದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಉಳಿದಿದೆಯಾ ನೋಡಿ. ನಗಬೇಡಿ. ಇದು ಈಗಲೂ ಆಗುವಂಥದ್ದೇ.

ನೀರಿನ ಕೂಲರ್ ಇದ್ದವರು ಪಂಪ್ ನೋಡಬೇಕು. ಪಂಪ್ ನಿಂತರೆ ಚಿಪ್ಪು ಸೆಕೆಂಡುಗಳಲ್ಲಿ ಕಾದ ಹಂಚಿನಂತಾಗುತ್ತದೆ, ರೇಡಿಯೇಟರ್ ಮಾತ್ರ ತಣ್ಣಗೇ ಇರುತ್ತದೆ. ಎರಡು ಪೈಪನ್ನೂ ಮುಟ್ಟಿ ನೋಡಿ: ಒಂದು ಬಿಸಿ, ಇನ್ನೊಂದು ತೀರಾ ತಣ್ಣಗಿದ್ದರೆ ನೀರು ಹರಿಯುತ್ತಿಲ್ಲ. ಬಯೋಸ್‌ನಲ್ಲಿ (ಮಷೀನು ಆನ್ ಆಗುವಾಗ ತೆರೆಯಬಹುದಾದ ಬೋರ್ಡಿನ ಸೆಟ್ಟಿಂಗ್ ಪರದೆ) ಪಂಪಿನ ಹೆಡರ್, ಅಂದರೆ ಪಂಪಿನ ತಂತಿ ಬೋರ್ಡಿಗೆ ಕೂರುವ ಜಾಗ, ಪೂರ್ತಿ ವೇಗದಲ್ಲಿರಬೇಕು. ಫ್ಯಾನಿನ ಹಾಗೆ ನಿಧಾನ ಮಾಡಲು ಹೋಗಬೇಡಿ. ಇನ್ನೊಂದು, ಇಡೀ ಸುತ್ತಿನಲ್ಲಿ ಪಂಪೇ ಎಲ್ಲಕ್ಕಿಂತ ಮೇಲೆ ಇರಬಾರದು. ಒಳಗಿನ ಗಾಳಿಗುಳ್ಳೆ ಮೇಲಕ್ಕೆ ಬಂದು ಅಲ್ಲೇ ಸೇರುತ್ತದೆ, ಪಂಪು ಕರಕರ ಅನ್ನುತ್ತದೆ.

ಗಾಳಿಯ ತೊಂದರೆ ಅಂತಾದರೆ

ಮೊದಲು ಕ್ಯಾಬಿನೆಟ್ ಇಟ್ಟಿರುವ ಜಾಗ ನೋಡಿ. ನಮ್ಮ ಕಂಪ್ಯೂಟರ್ ಟೇಬಲ್‌ಗಳಲ್ಲಿ ಕೆಳಗೆ ಒಂದು ಗೂಡು ಮಾಡಿರುತ್ತಾರೆ, ಮೂರು ಕಡೆ ಪ್ಲೈವುಡ್, ಕೆಲವಕ್ಕೆ ಮುಂದೆ ಬಾಗಿಲು ಬೇರೆ. ಹಿಂದಿನಿಂದ ಹೊರಬಂದ ಬಿಸಿಗಾಳಿ ಗೋಡೆಗೆ ಬಡಿದು ವಾಪಸ್ಸು ಮುಂದೆ ಬಂದು ಮತ್ತೆ ಒಳಗೇ ಹೋಗುತ್ತದೆ. ಮಷೀನನ್ನು ಗೂಡಿನಿಂದ ಎಳೆದು ಹೊರಗಿಟ್ಟು ಪರೀಕ್ಷೆ ಮಾಡಿ. ಅಷ್ಟಕ್ಕೇ ಸರಿಹೋದರೆ ಬಡಗಿಯ ಕೈಲಿ ಹಿಂದಿನ ಹಲಗೆ ತೆಗೆಸುವುದೇ ಪರಿಹಾರ. ಧೂಳು ಕೂರಬಾರದು ಅಂತ ಮೇಲೆ ಬಟ್ಟೆ ಹೊದಿಸುವವರೂ ಇದ್ದಾರೆ. ಓಡುವಾಗ ತೆಗೆಯುತ್ತೇವೆ ಅನ್ನುತ್ತಾರೆ, ದಿನಾ ನೆನಪಿರುತ್ತಾ?

ಆಮೇಲೆ ಫ್ಯಾನಿನ ದಿಕ್ಕು. ಮುಂದಿನಿಂದ ಒಳಗೆ, ಹಿಂದೆ ಮತ್ತು ಮೇಲಿನಿಂದ ಹೊರಗೆ. ಸಾಮಾನ್ಯ ಫ್ಯಾನಿನಲ್ಲಿ ಸ್ಟಿಕ್ಕರ್ ಮತ್ತು ಅದನ್ನು ಹಿಡಿದ ಕಡ್ಡಿಗಳು ಇರುವ ಬದಿಯಿಂದ ಗಾಳಿ ಹೊರಬೀಳುತ್ತದೆ. ಚೆಂದ ಕಾಣಲಿ ಅಂತ ರೆಕ್ಕೆ ಉಲ್ಟಾ ಇರುವ ಫ್ಯಾನುಗಳೂ ಈಗ ಬರುತ್ತಿವೆ, ಹಾಗಾಗಿ ನೋಡಿ ನಂಬಬೇಡಿ. ಒಂದು ಊದುಬತ್ತಿ ಹಚ್ಚಿ ಫ್ಯಾನಿನ ಮುಂದೆ ಸ್ವಲ್ಪ ದೂರದಲ್ಲಿ ಹಿಡಿಯಿರಿ. ಹೊಗೆ ಯಾವ ಕಡೆ ಹೋಗುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಮುಂದಿನ ಫ್ಯಾನಿನ ಹತ್ತಿರ ಹೊಗೆ ಚದುರಿ ನಿಂತುಬಿಟ್ಟರೆ ಎದುರಿನ ಗಾಜೋ, ಮುಚ್ಚಿದ ಜಾಲರಿಯೋ ಗಾಳಿಯನ್ನು ತಡೆಯುತ್ತಿದೆ.

ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್‌ಗಳ ಬಗ್ಗೆ ನನಗೆ ಅಸಮಾಧಾನವಿದೆ. ಗಾಜಿನ ಹಿಂದೆ ಮೂರು ಫ್ಯಾನ್ ತಿರುಗುತ್ತವೆ, ಗಾಳಿ ಬರಲು ಪಕ್ಕದಲ್ಲಿ ಬೆರಳು ತೂರದಷ್ಟು ಸಂದಿ. ಮುಂದಿನ ಗಾಜು ತೆಗೆದು ಪರೀಕ್ಷಿಸಿ. ಆಗ ಇಳಿದರೆ ಫ್ಯಾನ್ ಮೇಲೆ ದುಡ್ಡು ಹಾಕುವ ಬದಲು ಜಾಲರಿ ಮುಖದ ಕ್ಯಾಬಿನೆಟ್ಟಿಗೆ ಬದಲಾಗಿ. ಅಥವಾ ಗಾಜಿನ ಜಾಗಕ್ಕೆ ಜಾಲರಿ ಹಾಕಿಸಿ. ಬೆಂಗಳೂರಿನ ಎಸ್‌ಪಿ ರೋಡಿನಂಥ ಜಾಗದಲ್ಲಿ ಫಿಲ್ಟರ್ ಜಾಲರಿ ಕಷ್ಟವಿಲ್ಲದೆ ಸಿಗುತ್ತದೆ.

ಧೂಳು ಹೇಳಬೇಕಾಗಿಲ್ಲ. ಬ್ಲೋವರ್ ಹಿಡಿಯುವಾಗ ಒಂದು ಮಾತು: ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಂಡು ಊದಿ. ಬಿಟ್ಟರೆ ಅದು ಮಿತಿಮೀರಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಕೂಲರಿನ ತಗಡುಗಳ ನಡುವೆ, ಫ್ಯಾನಿನ ಕೆಳಗೆ, ಕಂಬಳಿಯಂತೆ ಕೂತ ಧೂಳು ಫ್ಯಾನ್ ಬಿಚ್ಚದೆ ಕಾಣುವುದೇ ಇಲ್ಲ. ಅಡುಗೆಮನೆ ಹತ್ತಿರದ ಮಷೀನಾದರೆ ಆ ಧೂಳು ಜಿಡ್ಡಾಗಿರುತ್ತದೆ, ಊದಿದರೆ ಹೋಗುವುದಿಲ್ಲ, ಒಣ ಪೈಂಟ್ ಬ್ರಷ್ ಬೇಕು. ಆಯುಧ ಪೂಜೆ ದಿನ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಕುಂಕುಮ ಇಡುತ್ತೇವೆ ಅಲ್ವಾ, ಈಗಿನ ಕ್ಯಾಬಿನೆಟ್ಟಿಗೆ ನೆತ್ತಿಯಲ್ಲೇ ಜಾಲರಿ. ಕುಂಕುಮವೂ ಹೂವಿನ ಎಸಳೂ ನೇರ ಗ್ರಾಫಿಕ್ಸ್ ಕಾರ್ಡಿನ ಬೆನ್ನ ಮೇಲೆ. ಪೂಜೆ ಮಾಡಿ, ಬೊಟ್ಟು ಮಾತ್ರ ಮುಂದಿನ ಪಟ್ಟಿಗೆ ಇಡಿ.

ಫ್ಯಾನು ತಿರುಗುತ್ತಿದ್ದರೂ ವೇಗ ಏರದಿದ್ದರೆ ಬಯೋಸ್‌ಗೆ ಹೋಗಿ. ಮೂರು ಪಿನ್ನಿನ ಫ್ಯಾನಿಗೆ ಡಿಸಿ ಮೋಡ್, ನಾಲ್ಕು ಪಿನ್ನಿನದಕ್ಕೆ ಪಿಡಬ್ಲ್ಯೂಎಂ ಮೋಡ್. ಮೂರು ಪಿನ್ನಿನದನ್ನು ಪಿಡಬ್ಲ್ಯೂಎಂನಲ್ಲಿಟ್ಟರೆ ಯಾವಾಗಲೂ ಪೂರ್ತಿ ವೇಗದಲ್ಲಿ ಕಿರುಚುತ್ತದೆ. "ಸೈಲೆಂಟ್" ಅಂತ ಇಟ್ಟಿದ್ದರೆ ಬೇಸಿಗೆಗಾದರೂ "ಸ್ಟ್ಯಾಂಡರ್ಡ್" ಮಾಡಿ. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ. ಅಗ್ಗದ ಬಣ್ಣದ ಫ್ಯಾನ್ ಸೆಟ್ಟುಗಳು ಮದರ್‌ಬೋರ್ಡಿಗೆ ಸೇರುವುದೇ ಇಲ್ಲ, ಮೊಲೆಕ್ಸ್ ತಂತಿಯಿಂದ ನೇರ ಎಸ್‌ಎಂಪಿಎಸ್‌ಗೆ. ಅವುಗಳ ವೇಗ ಬಯೋಸ್‌ನ ಕೈಗೆ ಸಿಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್

ಡೆಸ್ಕ್‌ಟಾಪ್ ಪರದೆ ನೋಡುತ್ತಾ ಕೂತಾಗ ಕಾರ್ಡಿನ ಫ್ಯಾನ್ ತಿರುಗುತ್ತಿಲ್ಲ ಅಂತ ಗಾಬರಿಯಾಗಬೇಡಿ. ಸುಮಾರು 50-60 ಡಿಗ್ರಿಯವರೆಗೆ ನಿಂತೇ ಇರುವಂತೆ ಮಾಡಿರುತ್ತಾರೆ. ಗೇಮ್ ಆಡುವಾಗ ಜಿಪಿಯು (ಕಾರ್ಡಿನ ಮುಖ್ಯ ಚಿಪ್ಪು) ಬಿಸಿ, ಹಾಟ್‌ಸ್ಪಾಟ್ (ಆ ಚಿಪ್ಪಿನಲ್ಲಿ ಎಲ್ಲಕ್ಕಿಂತ ಕಾದ ಜಾಗ) ಬಿಸಿ ಎರಡನ್ನೂ ನೋಡಿ. ಎರಡರ ನಡುವೆ 10-15 ಡಿಗ್ರಿ ಅಂತರ ಇರುವುದೇ. ಅಂತರ 25-30 ದಾಟಿದರೆ ಕಾರ್ಡಿನೊಳಗಿನ ಪೇಸ್ಟ್ ಒಣಗಿದೆ ಅಥವಾ ಪಕ್ಕಕ್ಕೆ ಸರಿದಿದೆ. ವಾರಂಟಿ ಇದ್ದರೆ ಬಿಚ್ಚಬೇಡಿ, ಕಂಪನಿಗೆ ಕಳಿಸಿ. ಅಂತರ ಸರಿಯಿದ್ದು ಎರಡೂ ಒಟ್ಟಿಗೆ ಏರಿದ್ದರೆ ಪಕ್ಕದ ಬಾಗಿಲಿನ ಪರೀಕ್ಷೆಯನ್ನೇ ಇದಕ್ಕೂ ಮಾಡಿ.

ಕಾರ್ಡಿನ ಕೆಳಗೇ ಎನ್‌ವಿಎಂಇ ಡಿಸ್ಕ್ (ನೇರ ಬೋರ್ಡಿಗೆ ಕೂರುವ ಚಪ್ಪಟೆ ಡಿಸ್ಕ್) ಇದ್ದರೆ ಅದೂ ಬೇಯುತ್ತದೆ. ದೊಡ್ಡ ಫೈಲ್ ಕಾಪಿ ಮಾಡುವಾಗ ವೇಗ ಮಧ್ಯದಲ್ಲೇ ಕುಸಿದರೆ ಅದರ ಬಿಸಿ ನೋಡಿ. ಬೋರ್ಡಿನ ಹೀಟ್‌ಸಿಂಕ್ ಕೆಳಗಿನ ಪ್ಯಾಡಿನ ಪ್ಲಾಸ್ಟಿಕ್ ಸುಲಿದಿದ್ದೀರಾ ಎನ್ನುವುದನ್ನೂ.

ಕೇಬಲ್‌ಗಳ ವಿಷಯ

ಕೇಬಲ್ ನೀಟಾಗಿದ್ದರೆ ಮಷೀನು ತಣ್ಣಗಿರುತ್ತದೆ ಅನ್ನುವ ನಂಬಿಕೆಗೆ ಒಂದು ಕಾಲದಲ್ಲಿ ಅರ್ಥವಿತ್ತು. ಹಾರ್ಡ್‌ಡಿಸ್ಕಿಗೆ, ಸಿಡಿ ಡ್ರೈವಿಗೆ ಐಡಿಇ ರಿಬ್ಬನ್ ಕೇಬಲ್ ಹಾಕುತ್ತಿದ್ದ ದಿನಗಳು. ಸುಮಾರು ಎರಡಿಂಚು ಅಗಲದ ಬೂದು ಪಟ್ಟಿ, ಮುಂದಿನ ಫ್ಯಾನಿಗೆ ಅಡ್ಡ ಪರದೆ ಕಟ್ಟಿದಂತೆ ನೇತಾಡುತ್ತಿತ್ತು. 2003ರಲ್ಲಿ ಸಾಟಾ ಅನ್ನುವ ಹೊಸ ಜೋಡಣೆ ಬಂತು, ಕೇಬಲ್ ತೆಳ್ಳಗಾಯಿತು. ಈಗ ಡಿಸ್ಕು ನೇರ ಬೋರ್ಡಿಗೇ ಕೂರುತ್ತದೆ, ಕೇಬಲ್ಲೇ ಇಲ್ಲ. ಎಸ್‌ಎಂಪಿಎಸ್‌ಗೆ ಪ್ರತ್ಯೇಕ ಮುಚ್ಚಳ, ಹಿಂದೆ ತಂತಿಗೆ ಪ್ರತ್ಯೇಕ ಜಾಗ. ಇಂಥ ಕ್ಯಾಬಿನೆಟ್ಟಿನಲ್ಲಿ ತಂತಿಗಳನ್ನು ಇನ್ನೂ ನೀಟಾಗಿ ಕಟ್ಟಿದರೆ ಸಿಗುವುದು ಬಹುಮಟ್ಟಿಗೆ ಚೆಂದ. ಥರ್ಮಾಮೀಟರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಮುಂದಿನ ಫ್ಯಾನಿನ ಎದುರಿಗೇ ದೊಡ್ಡ ಗಂಟು ಕೂತಿದ್ದರೆ ಮಾತ್ರ ಮಾತು ಬೇರೆ.

ಆದರೆ ಕೇಬಲ್ ಬೇರೆ ರೀತಿಯಲ್ಲಿ ಮಷೀನು ಕೆಡಿಸುತ್ತದೆ. ಬಿಸಿಯ ತೊಂದರೆ ಅಂದುಕೊಂಡದ್ದು ಹಲವು ಸಲ ಇಲ್ಲೇ ಸಿಗುತ್ತದೆ.

ಟಿಕ್ ಟಿಕ್ ಸದ್ದು ಬಂದು, ಬೋರ್ಡ್ ಅದೇ ಹೊತ್ತಿಗೆ "ಸಿಪಿಯು ಫ್ಯಾನ್ ಎರರ್" ಅಂದರೆ ತಂತಿಯೊಂದು ರೆಕ್ಕೆಗೆ ತಾಗುತ್ತಿದೆ. ಹೆಚ್ಚಾಗಿ ಅದು ಕೂಲರ್ ಫ್ಯಾನಿನದೇ ಉಳಿದ ತಂತಿ. ಕ್ಯಾಬಿನೆಟ್ಟಿನ ಮುಂಭಾಗದ ಆಡಿಯೊ ತಂತಿಯನ್ನು ಹಿಂದಿನಿಂದ ಒಯ್ಯದೆ ನೇರ ಬೋರ್ಡಿನ ಕೆಳಮೂಲೆಗೆ ಎಳೆದಿದ್ದರೆ, ಅದು ಗ್ರಾಫಿಕ್ಸ್ ಕಾರ್ಡಿನ ಫ್ಯಾನಿಗೆ ತಾಗುತ್ತದೆ. ಕಾರ್ಡು ಬಿಸಿಯಾದಾಗ ಮಾತ್ರ ಫ್ಯಾನ್ ತಿರುಗುವುದರಿಂದ ಸದ್ದೂ ಆಗ ಮಾತ್ರ ಬರುತ್ತದೆ, ಹುಡುಕುವವರ ತಲೆ ಕೆಡುತ್ತದೆ.

ಹಿಂಬದಿಯ ತಗಡು ಮುಚ್ಚಲು ಮೊಣಕಾಲಿನಿಂದ ಒತ್ತಬೇಕಾಗಿದ್ದರೆ ಒಳಗೆ ಏನೋ ಒಂದು ಕನೆಕ್ಟರ್ ಬಾಗುತ್ತಿದೆ. ಸಾಟಾ ಪವರ್ ಕನೆಕ್ಟರಿನ ಪ್ಲಾಸ್ಟಿಕ್ ನಾಲಿಗೆ ಈ ಒತ್ತಡಕ್ಕೆ ಸುಲಭವಾಗಿ ಮುರಿಯುತ್ತದೆ. ಬಾಗಿಲು ತೆಗೆದಾಗ ಸರಿ, ಮುಚ್ಚಿದಾಗ ಡಿಸ್ಕ್ ಮಾಯ ಅಂತಾದರೆ ಕಾರಣ ಇದೇ. ಅಂದರೆ ಮುಚ್ಚಿದಾಗ ಕೆಡುವುದೆಲ್ಲ ಬಿಸಿಯಿಂದಲೇ ಅಂತ ಹೇಳಲಾಗದು. ಬೋರ್ಡಿಗೆ ಕರೆಂಟು ಕೊಡುವ 24 ಪಿನ್ನಿನ ದಪ್ಪ ತಂತಿಯನ್ನು ಎಲ್ಲಕ್ಕಿಂತ ಅಗಲವಾದ ಸಂದಿಯಲ್ಲಿ ಒಯ್ಯಿರಿ. ಅದರ ಮೇಲೆ ಇನ್ನೊಂದು ದಪ್ಪದ್ದನ್ನು ಅಡ್ಡ ಹಾಯಿಸಬೇಡಿ. ಕಟ್ಟಲು ವೆಲ್ಕ್ರೊ ಪಟ್ಟಿ ಒಳ್ಳೆಯದು. ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದರೆ ನಾಳೆ ಬಿಚ್ಚಲು ಕತ್ತರಿ ಬೇಕು, ಕತ್ತರಿ ತಂತಿಗೆ ತಾಗದೇ ಇರಬೇಕು.

ಪವರ್ ಕೇಬಲ್ ವಿಷಯದಲ್ಲಿ ಸಲುಗೆ ಬೇಡ. ಗ್ರಾಫಿಕ್ಸ್ ಕಾರ್ಡಿನ ಎಂಟು ಪಿನ್ನಿನ ಕನೆಕ್ಟರ್ ಒಂದಕ್ಕೆ ಲೆಕ್ಕ 150 ವ್ಯಾಟ್. ಕಾರ್ಡಿಗೆ ಅಂಥದ್ದು ಎರಡು ಬೇಕಿದ್ದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಕೇಬಲ್ ತನ್ನಿ. ನೋಡಲು ನೀಟು ಅಂತ ಒಂದೇ ಕೇಬಲ್ಲಿನ ಎರಡು ತುದಿಯನ್ನು ದೊಡ್ಡ ಕಾರ್ಡಿಗೆ ಚುಚ್ಚಿದರೆ ಆ ಕೇಬಲ್ಲಿನ ಮೇಲೆ ಭಾರ ಜಾಸ್ತಿ, ಗೇಮ್ ಮಧ್ಯೆ ಪರದೆ ಕಪ್ಪಾಗುವುದಕ್ಕೆ ಅದೂ ಕಾರಣವಾಗಬಹುದು. ಗೇಮ್ ಆಡಿದ ಮೇಲೆ ಮಷೀನು ಆಫ್ ಮಾಡಿ ಕನೆಕ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ. ಕೈ ಇಡಲಾಗದಿದ್ದರೆ ಅಥವಾ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಮತ್ತೆ ಆನ್ ಮಾಡಬೇಡಿ.

ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4090 ಕಾರ್ಡು ಬಂದದ್ದು 2022ರ ಅಕ್ಟೋಬರಿನಲ್ಲಿ. ಅದರ 16 ಪಿನ್ನಿನ ಹೊಸ ಕನೆಕ್ಟರ್ 600 ವ್ಯಾಟ್ ತನಕ ಒಯ್ಯುವಂಥದ್ದು. ಅದೇ ತಿಂಗಳು ಕನೆಕ್ಟರ್ ಕರಗಿದ ಫೋಟೊಗಳು ಬರಲು ಶುರುವಾದವು. ಪ್ಲಗ್ ಪೂರ್ತಿ ಒಳಗೆ ಕೂರದೇ ಇದ್ದದ್ದೇ ಸಾಮಾನ್ಯ ಕಾರಣ ಅಂತ ಎನ್ವಿಡಿಯಾ ಹೇಳಿತು. ಮರುವರ್ಷ ತಿದ್ದಿದ ವಿನ್ಯಾಸದಲ್ಲಿ ಸೆನ್ಸ್ ಪಿನ್ನುಗಳನ್ನು (ಪ್ಲಗ್ ಕೂತಿದೆ ಅಂತ ಕಾರ್ಡಿಗೆ ತಿಳಿಸುವ ಪಿನ್ನುಗಳು) ಗಿಡ್ಡ ಮಾಡಿದರು, ಪ್ಲಗ್ ಪೂರ್ತಿ ಕೂರದೆ ಕಾರ್ಡು ಕರೆಂಟು ಎಳೆಯಬಾರದು ಅಂತ. ನಿಮ್ಮ ಕಾರ್ಡಿಗೆ ಈ ಕನೆಕ್ಟರ್ ಇದ್ದರೆ ಪ್ಲಗ್ಗಿಗೂ ಕಾರ್ಡಿಗೂ ನಡುವೆ ಸಂದಿ ಕಾಣಬಾರದು. ಪ್ಲಗ್ಗಿನಿಂದ ಹೊರಬಂದ ತಂತಿ ಕನಿಷ್ಠ 35 ಮಿಲಿಮೀಟರ್ ನೇರ ಹೋಗಿ ಆಮೇಲೆ ಬಾಗಬೇಕು. ಪಕ್ಕದ ಗಾಜು ತಂತಿಯನ್ನು ಒತ್ತುತ್ತಿದ್ದರೆ ಆ ಕ್ಯಾಬಿನೆಟ್ಟಿಗೆ ಆ ಕಾರ್ಡು ಸಲ್ಲದು.

ಮಾಡ್ಯುಲರ್ (ಕೇಬಲ್‌ಗಳನ್ನು ಡಬ್ಬಿಯಿಂದ ಬಿಚ್ಚಬಹುದಾದ) ಎಸ್‌ಎಂಪಿಎಸ್ ಬದಲಿಸುವವರು ಹಳೇ ಕೇಬಲ್‌ಗಳನ್ನು ಹಿಂದೆ ಹಾಗೇ ಬಿಟ್ಟು, ಹೊಸ ಡಬ್ಬಿಗೆ ಚುಚ್ಚಿಬಿಡುತ್ತಾರೆ. ಎಷ್ಟು ನೀಟಾಗಿ ಕಟ್ಟಿದ್ದೆ, ಮತ್ತೆ ಯಾಕೆ ಬಿಚ್ಚಲಿ ಅಂತ. ಬಿಚ್ಚಲೇಬೇಕು. ಬೋರ್ಡಿನ ಕಡೆಯ ತುದಿ ಎಲ್ಲರದ್ದೂ ಒಂದೇ. ಎಸ್‌ಎಂಪಿಎಸ್ ಕಡೆಯ ತುದಿಗೆ ಯಾವ ನಿಯಮವೂ ಇಲ್ಲ. ಪ್ಲಗ್ ಕೂರುತ್ತದೆ, ಒಳಗೆ 5 ವೋಲ್ಟಿನ ಜಾಗದಲ್ಲಿ 12 ವೋಲ್ಟ್ ಇರಬಹುದು. ಆನ್ ಮಾಡಿದ ಕ್ಷಣ ಡಿಸ್ಕುಗಳು ಸುಟ್ಟುಹೋಗುತ್ತವೆ. ಒಂದೇ ಕಂಪನಿಯ ಎರಡು ಮಾಡೆಲ್ಲುಗಳ ನಡುವೆಯೂ ಹೀಗಾಗಬಹುದು. ಬಣ್ಣದ ದೀಪಗಳಿಗೂ ಇದೇ ಮಾತು: ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು, ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು. ಒತ್ತಾಯದಿಂದ 5 ವೋಲ್ಟಿನದನ್ನು 12 ವೋಲ್ಟಿನ ಜಾಗಕ್ಕೆ ಚುಚ್ಚಿದರೆ ದೀಪ ಸುಟ್ಟುಹೋಗುತ್ತದೆ.

ಎಸ್‌ಎಂಪಿಎಸ್ ಒಳಗೇ ಸದ್ದು, ಸುಟ್ಟ ವಾಸನೆ, ಹಲ್ಲಿ ಹೊಕ್ಕ ಅನುಮಾನ ಏನೇ ಇದ್ದರೂ ಅದರ ಡಬ್ಬಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ ಅಪಾಯದಷ್ಟು ವೋಲ್ಟೇಜ್ ಉಳಿದಿರುತ್ತದೆ. ಅಂಗಡಿಗೆ ಕೊಡುವಾಗ "ಬಿಸಿಯಾಗ್ತಿದೆ" ಅಂತಷ್ಟೇ ಹೇಳಿ ಬರಬೇಡಿ. ಕೋಣೆ ಎಷ್ಟು, ಚಿಪ್ಪು ಎಷ್ಟು, ಎಷ್ಟು ಹೊತ್ತಿಗೆ ಏರಿತು, ಬಾಗಿಲು ತೆಗೆದಾಗ ಎಷ್ಟಾಯಿತು ಅಂತ ಒಂದು ಚೀಟಿಯಲ್ಲಿ ಬರೆದು ಕೊಡಿ. ಆಗ ಅವರೂ ಸುಮ್ನೆ ಎರಡು ಫ್ಯಾನ್ ಹಾಕಿ ಕಳಿಸುವುದಿಲ್ಲ.